ಒಂದೂವರೆ ಕಿವಿಯ ವರ್ಷ

ಡಿಸೆಂಬರ್ ಬಂದರೆ ಹಾಡು ಕೇಳಿಸುವ ಆಪ್‌ಗಳು ವರ್ಷದ ಲೆಕ್ಕ ಒಪ್ಪಿಸುತ್ತವೆ. ಇಷ್ಟು ನಿಮಿಷ ಕೇಳಿದಿರಿ, ಇಂಥವರನ್ನು ಹೆಚ್ಚು ಕೇಳಿದಿರಿ ಎಂದು ಬಣ್ಣಬಣ್ಣದ ಚಿತ್ರ ಮಾಡಿ ಕೊಡುತ್ತವೆ. ನನ್ನ ಆಪ್‌ನ ಪ್ರಕಾರ ಈ ವರ್ಷ ನಾನು ಅತಿ ಹೆಚ್ಚು ಕೇಳಿದ ಕಲಾವಿದ ಮಳೆ. ತಗಡಿನ ಮಾಡಿನ ಮೇಲೆ ಎಂಟು ಗಂಟೆ ಎಡೆಬಿಡದೆ ಸುರಿಯುವ ಮಳೆ. ಎರಡನೆಯ ಸ್ಥಾನ ಟೇಬಲ್ ಫ್ಯಾನಿಗೆ. ಮೂರನೆಯವರು ಮಲ್ಲಿಕಾರ್ಜುನ ಮನ್ಸೂರರು.

ಮಗಳು ಅದನ್ನು ಎರಡೆರಡು ಸಲ ಗಟ್ಟಿಯಾಗಿ ಓದಿ ನಕ್ಕಳು. ನಾನೂ ನಕ್ಕೆ. ಲೆಕ್ಕ ಮಾತ್ರ ತಪ್ಪಿರಲಿಲ್ಲ. ಎಡಗಿವಿಯೊಳಗೆ ರಾತ್ರಿಯಿಡೀ ಒಂದು ಸಿಳ್ಳೆ ಕೂಗುತ್ತಿದ್ದರೆ ಮಳೆಯನ್ನೋ ಫ್ಯಾನನ್ನೋ ಹಚ್ಚಿಕೊಂಡೇ ನಿದ್ದೆ ಹೋಗಬೇಕು. ಈ ವರ್ಷ ನನ್ನ ಸಂಗೀತ ನಡೆದದ್ದು ಹಾಗೆ, ಸಿಳ್ಳೆಗೂ ಮಳೆಗೂ ನಡುವೆ ಸಿಕ್ಕ ಜಾಗದಲ್ಲಿ.

ಜನವರಿಯ ಒಂದು ಬೆಳಿಗ್ಗೆ ಏಳುವಾಗ ಎಡಗಿವಿಗೆ ಯಾರೋ ಹತ್ತಿ ತುರುಕಿದಂತಿತ್ತು. ನೋವಿಲ್ಲ, ಸೋರುವುದಿಲ್ಲ. ನೆಗಡಿ ಇರಬಹುದು ಅಂದುಕೊಂಡೆ. ಮಧ್ಯಾಹ್ನ ಗುಗ್ಗೆ ಇರಬಹುದು ಅಂದುಕೊಂಡೆ. ಔಷಧದ ಅಂಗಡಿಯವರೂ ಗುಗ್ಗೆಯೇ ಎಂದು ತೀರ್ಪು ಕೊಟ್ಟು ಕಿವಿಗೆ ಬಿಡುವ ಹನಿ ಮದ್ದು ಕೊಟ್ಟರು. ಹೀಗೆ ಅಂದುಕೊಳ್ಳುವುದರಲ್ಲೇ ನಾಲ್ಕು ದಿನ ಕಳೆದವು. ಆ ನಾಲ್ಕು ದಿನ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಐದನೆಯ ದಿನ ಕಿವಿಯ ವೈದ್ಯರು ಕಿವಿಯೊಳಗೆ ಇಣುಕಿ ನೋಡಿ, ‘ಬಾಯಿ ಮುಚ್ಚಿಕೊಂಡು ಹ್ಮ್ ಅನ್ನಿ, ಯಾವ ಕಡೆ ಜೋರಾಗಿ ಕೇಳುತ್ತೆ ಹೇಳಿ’ ಅಂದರು. ಅಭ್ಯಾಸಬಲದಿಂದ ಷಡ್ಜವನ್ನೇ, ಸರಿಗಮದ ‘ಸ’ವನ್ನೇ, ಹಿಡಿದೆ. ಸದ್ದೆಲ್ಲ ಬಲಗಡೆಗೆ ಓಡಿತು. ‘ಬಲಗಡೆ’ ಎಂದು ಖುಷಿಯಲ್ಲೇ ಹೇಳಿದೆ, ಸರಿಯುತ್ತರ ಕೊಟ್ಟ ಹುಡುಗನ ಹಾಗೆ. ಅವರ ಮುಖ ಸಪ್ಪಗಾಯಿತು. ಗುಗ್ಗೆಯಿಂದಲೋ ನೆಗಡಿಯಿಂದಲೋ ಕಿವಿ ಕಟ್ಟಿದ್ದರೆ ಗುನುಗಿದ್ದು ಕಟ್ಟಿದ ಕಿವಿಯಲ್ಲೇ ಜೋರಾಗಿ ಕೇಳಬೇಕು. ನಂಬಿಕೆ ಬಾರದಿದ್ದರೆ ಒಂದು ಕಿವಿಗೆ ಬೆರಳಿಟ್ಟು ಗುನುಗಿ ನೋಡಿ. ಒಳ್ಳೆಯ ಕಿವಿಗೇ ಓಡಿಹೋದರೆ ಪೆಟ್ಟು ಬಿದ್ದಿರುವುದು ಒಳಗಿವಿಗೆ. 512 ಹರ್ಟ್ಜ್‌ನ ಶ್ರುತಿಕವೆಯನ್ನು (ಟ್ಯೂನಿಂಗ್ ಫೋರ್ಕ್) ಮೊಣಕೈಗೆ ಬಡಿದು ನನ್ನ ಹಣೆಯ ನಡುವೆ ಊರಿದರು. ಅದೂ ಬಲಕ್ಕೇ ಹೋಯಿತು.

ಇದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿದೆ, ಸಡನ್ ಸೆನ್ಸರಿನ್ಯೂರಲ್ ಹಿಯರಿಂಗ್ ಲಾಸ್. 72 ಗಂಟೆಯೊಳಗೆ, ಅಕ್ಕಪಕ್ಕದ ಮೂರು ಆವರ್ತನಗಳಲ್ಲಿ ಕನಿಷ್ಠ 30 ಡೆಸಿಬೆಲ್ ಕುಸಿದರೆ ಈ ಹೆಸರು ಕೊಡುತ್ತಾರೆ. ಬಹುಪಾಲು ಜನರಲ್ಲಿ ಕಾರಣವೇ ಸಿಗುವುದಿಲ್ಲ. ಸ್ಟೀರಾಯ್ಡ್ ಕೊಡುತ್ತಾರೆ, ಬೇಗ ಕೊಟ್ಟಷ್ಟೂ ಒಳ್ಳೆಯದು, ಎರಡು ವಾರ ದಾಟಿದರೆ ಫಲ ಕಡಿಮೆ. ಒಂದೇ ಕಿವಿ ಏಕಾಏಕಿ ಮಂದವಾದರೆ ಅದು ತುರ್ತು ಸಂಗತಿ ಅನ್ನುವುದು ಐವತ್ತರ ಗಡಿ ದಾಟಿದ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹಲ್ಲುನೋವಿಗೆ ಓಡುವಷ್ಟು ಚುರುಕಾಗಿ ಕಿವಿಗೆ ಯಾರೂ ಓಡುವುದಿಲ್ಲ.

ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ ಆಡಿಯೋಗ್ರಾಂ, ಅಂದರೆ ಕಿವಿ ಎಷ್ಟು ಕೇಳುತ್ತದೆಂಬ ನಕ್ಷೆ, ತೆಗೆದರು. 250 ಹರ್ಟ್ಜ್‌ನಿಂದ 8,000 ಹರ್ಟ್ಜ್‌ವರೆಗೆ ಒಂದೊಂದೇ ಸಣ್ಣ ಕೂಗು. ಕೇಳಿದರೆ ಗುಂಡಿ ಒತ್ತಬೇಕು. ಬಲಗಿವಿಯದ್ದು ಕೆಂಪು ಸೊನ್ನೆಗಳು, ಕಾಗದದ ಮೇಲ್ತುದಿಯಲ್ಲಿ ಸಾಲಾಗಿ ಕೂತಿದ್ದವು. ಎಡಗಿವಿಯದ್ದು ನೀಲಿ ಗುಣಾಕಾರ ಚಿಹ್ನೆಗಳು. ಅವು ಘಟ್ಟ ಇಳಿಯುವ ರಸ್ತೆಯಂತೆ 45 ಡೆಸಿಬೆಲ್‌ನಿಂದ ಹೊರಟು 80ರಲ್ಲಿ ನಿಂತಿದ್ದವು; ಅಂಕಿ ಹೆಚ್ಚಿ ಕೆಳಗಿಳಿದಷ್ಟೂ ಕಿವಿ ಮಂದ. ಕೆಳಗಿನ ಸ್ವರಗಳ ಮಂದ್ರ ಅಷ್ಟಿಷ್ಟು ಉಳಿದಿತ್ತು, ಮೇಲಿನ ಸ್ವರಗಳ ತಾರ ಪೂರ್ತಿ ಮುಳುಗಿತ್ತು. ಒಳಗಿವಿಯ ಕಾಕ್ಲಿಯಾ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದೆಯಷ್ಟೆ. ಅದರ ಬಾಗಿಲ ಬಳಿ ತಾರಸ್ವರ, ಒಳತುದಿಯಲ್ಲಿ ಮಂದ್ರ. ವೀಣೆಯ ದಂಡಿಯನ್ನು ಮೆಟ್ಟಿಲ ಸಮೇತ ಸುತ್ತಿಟ್ಟ ಹಾಗೆ. ಸದ್ದನ್ನು ಹಿಡಿಯುವ ರೋಮಕೋಶಗಳು ಒಂದು ಕಿವಿಯಲ್ಲಿ ಒಳಸಾಲಿನವು ಸುಮಾರು 3,500, ಹೊರಸಾಲಿನವು ಸುಮಾರು 12,000. ಸತ್ತದ್ದು ಸತ್ತಿತು, ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಇಷ್ಟು ವರ್ಷ ತಲೆಗೂದಲು ಉದುರುವುದಕ್ಕೆ ಮರುಗಿದ್ದು ದಂಡವಾಯಿತು ಅನ್ನಿಸಿತು.

ಆ ರಾತ್ರಿ ಮನೆಗೆ ಬಂದು ಮಾಡಿದ ಮೊದಲ ಕೆಲಸ ಫೋನಿನ ತಂಬೂರಿ ಹಚ್ಚಿದ್ದು. ಒಂದು ಕಿವಿ ಕಡಿಮೆ ಕೇಳಿಸುತ್ತದೆ, ಅಷ್ಟೇ ತಾನೆ ಅಂದುಕೊಂಡಿದ್ದೆ. ಅಷ್ಟೇ ಆಗಿರಲಿಲ್ಲ. ಬಲಗಿವಿಗೆ ಒಂದು ಷಡ್ಜ ಕೇಳುತ್ತಿತ್ತು, ಎಡಗಿವಿಗೆ ಇನ್ನೊಂದು. ಎಡಗಿವಿಯದ್ದು ಒಂದೆರಡು ಶ್ರುತಿ ಏರಿಕೊಂಡಿತ್ತು, ಜೊತೆಗೆ ತಗಡಿನ ದನಿ ಬೇರೆ. ಎರಡೂ ಸೇರಿ ಅಲುಗುತ್ತಾ, ಒಂದನ್ನೊಂದು ಕೆರೆಯುತ್ತಾ ತಲೆಯ ನಡುವೆ ಕೂತವು. ಫೋನನ್ನು ಮರುಚಾಲೂ ಮಾಡಿದೆ. ಬೇರೆ ಆಪ್ ಹಾಕಿದೆ. ಕೊನೆಗೆ ಅಟ್ಟದಿಂದ ಹಳೆಯ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಇಳಿಸಿದೆ. ಅದಕ್ಕೂ ಎರಡು ಷಡ್ಜ.

ಡಿಪ್ಲಾಕ್ಯೂಸಿಸ್ ಅನ್ನುತ್ತಾರಂತೆ. ಒಂದೇ ಸ್ವರ ಎರಡು ಕಿವಿಗೆ ಎರಡು ಎತ್ತರದಲ್ಲಿ ಕೇಳುವುದು. ಮಾತಾಡುವವರ ದನಿಯಲ್ಲಿ ಅದು ಅಷ್ಟಾಗಿ ತೊಡಕು ಮಾಡಲಿಲ್ಲ, ಎಲ್ಲರಿಗೂ ಸಣ್ಣ ಪ್ರೇತವೊಂದು ಅಂಟಿಕೊಂಡಂತೆ ಕೇಳುತ್ತಿತ್ತು ಅಷ್ಟೆ. ಸಂಗೀತ ಮಾತ್ರ ಹಾಳಾಗಿ ಹೋಯಿತು. ನಾನು ಹಾಡುಗಾರನಲ್ಲ. ಹುಡುಗನಾಗಿದ್ದಾಗ ನಾಲ್ಕು ವರ್ಷ ಕಲಿತು ಬಿಟ್ಟವನು. ಕೇಳುಗ. ಕೇಳುಗನಿಗೆ ಬಂಡವಾಳ ಅಂತ ಇರುವುದು ಒಂದೇ, ಸ್ವರ ಸೇರಿದ್ದು ಸೇರದ್ದು ಗೊತ್ತಾಗುವುದು. ಅದೇ ಕೈಬಿಟ್ಟಿತ್ತು. ಹಾಡುವವರು ಬೇಸೂರಾಗಿದ್ದಾರೋ ನನ್ನ ಕಿವಿ ಬೇಸೂರಾಗಿದೆಯೋ ಎಂದು ಹೇಳುವವರು ಯಾರು?

ಎಲ್ಲಕ್ಕಿಂತ ಹೊಟ್ಟೆಗೆ ನಾಟಿದ್ದು ಗಾಂಧಾರ, ಸರಿಗಮದ ‘ಗ’, ಹೋದದ್ದು. ತಂಬೂರಿಯಲ್ಲಿ ಪಂಚಮಕ್ಕೆ ಒಂದು ತಂತಿ, ಷಡ್ಜಕ್ಕೆ ಎರಡು, ಮಂದ್ರ ಷಡ್ಜಕ್ಕೆ ಒಂದು. ಗಾಂಧಾರಕ್ಕೆ ತಂತಿ ಇಲ್ಲ. ಆದರೂ ತಂತಿಗಳು ಒರಗುವ ಕುದುರೆಯ ಮೇಲೆ ತಂತಿಯಡಿ ಎಳೆದಾರ ಇಟ್ಟು ಜವಾರಿಯನ್ನು, ಅಂದರೆ ತಂತಿಯ ಝೇಂಕಾರವನ್ನು, ಸರಿಯಾಗಿ ಕೂಡಿಸಿದರೆ ಮಂದ್ರದ ತಂತಿಯಿಂದ ಗಾಂಧಾರ ತಾನಾಗಿ ಏಳುತ್ತದೆ. ಷಡ್ಜದ ಐದನೆಯ ಉಪಸ್ವರ ಅದು; ಮೂಲಸ್ವರದ ಜೊತೆಗೇ ಮೇಲೆ ಏಳುವ ಸಣ್ಣ ಸ್ವರಗಳೇ ಉಪಸ್ವರಗಳು. ಬಲ್ಲವರು ಸ್ವಯಂಭೂ ಗಾಂಧಾರ ಅನ್ನುತ್ತಾರೆ. ತಂತಿಯನ್ನು ಮೀಟುವ ಜಾಗದಲ್ಲಿ ಯಾವ ಉಪಸ್ವರದ ಗಂಟು, ಅಂದರೆ ಅಲುಗದ ಬಿಂದು, ಬೀಳುತ್ತದೋ ಆ ಉಪಸ್ವರ ಹುಟ್ಟಬಾರದು ಎಂಬುದು ತಂತಿವಾದ್ಯಗಳ ಹಳೆಯ ನಿಯಮ. ತಂಬೂರಿ, ವೀಣೆಗಳ ಬಾಗಿದ ಕುದುರೆ ಆ ನಿಯಮಕ್ಕೆ ಸೊಪ್ಪು ಹಾಕುವುದಿಲ್ಲ ಎಂದು ಸಿ.ವಿ. ರಾಮನ್ 1921ರಲ್ಲೇ ತೋರಿಸಿದ್ದರು. ಹದಿನಾಲ್ಕನೆಯ ವಯಸ್ಸಿನಲ್ಲಿ ಗುರುಗಳು ತಂಬೂರಿಯ ಬುರುಡೆಗೆ ಕಿವಿ ಹಚ್ಚಿಸಿ, ‘ಸಿಕ್ಕಿತೇನೋ?’ ಎಂದು ಕೇಳುತ್ತಿದ್ದರು. ಮೂರು ತಿಂಗಳು ಸುಳ್ಳೇ ‘ಸಿಕ್ಕಿತು’ ಅಂದಿದ್ದೆ. ಒಂದು ದಿನ ನಿಜವಾಗಿ ಸಿಕ್ಕಿತು, ಅಂದಿನಿಂದ ಯಾವ ತಂಬೂರಿಯಲ್ಲೂ ಅದು ಕೇಳದೇ ಇದ್ದದ್ದಿಲ್ಲ. ಈಗ ಅಲ್ಲಿ ಅಕ್ಕಪಕ್ಕದ ಮನೆಯವರ ಜಗಳದಂತೆ ಎರಡು ಗಾಂಧಾರ, ಎರಡೂ ನನ್ನದಲ್ಲ.

ಎಡಗಿವಿಗೆ ಇಯರ್‌ಪ್ಲಗ್ ತುರುಕಿದರೆ ಜಗಳ ನಿಲ್ಲುತ್ತಿತ್ತು. ಕೆಟ್ಟ ಕಿವಿಯನ್ನು ಇನ್ನಷ್ಟು ಕಿವುಡು ಮಾಡಿದರೆ ಸಂಗೀತ ಸರಿಹೋಗುವುದು! ಮೊದಲ ಎರಡು ತಿಂಗಳು ಕೇಳಿದ್ದೆಲ್ಲ ಹಾಗೆ, ಒಂಟಿ ಕಿವಿಯಲ್ಲಿ.

ಸ್ಟೀರಾಯ್ಡ್ ಮಾತ್ರೆಯ ದಿನಗಳಲ್ಲಿ ನಿದ್ದೆ ಹತ್ತಿರ ಸುಳಿಯುವುದಿಲ್ಲ. ಆಮೇಲೆ ಕಿವಿತಮಟೆಯ ಮೂಲಕ ಒಳಕ್ಕೆ ಚುಚ್ಚುಮದ್ದನ್ನೂ ಕೊಟ್ಟರು. ಅದರ ವರ್ಣನೆ ಬೇಡ. ಗಡ್ಡೆಗಿಡ್ಡೆ ಇಲ್ಲವೆಂದು ಖಾತ್ರಿಮಾಡಿಕೊಳ್ಳಲು ಎಂಆರ್‌ಐ ಆಯಿತು. ಆ ಯಂತ್ರದ ಬಡಿತದಲ್ಲಿ ಸಮ, ಅಂದರೆ ತಾಳದ ಮೊದಲ ಪೆಟ್ಟು, ಎಲ್ಲಿ ಬೀಳುತ್ತದೆಂದು ಹುಡುಕುತ್ತಾ ಮಲಗಿದ್ದೆ, ಸಿಗಲಿಲ್ಲ.

ನಿದ್ದೆಯಿಲ್ಲದ ಆ ರಾತ್ರಿಗಳಿಂದ ಒಂದು ಲಾಭವಾಯಿತು. ರಾಗಕ್ಕೆ ಅದರದೇ ಹೊತ್ತು ಎಂಬುದು ಹಿಂದೂಸ್ತಾನಿಯವರ ನಿಯಮ. ನನ್ನಂಥ ಆಫೀಸಿನವನು ದರ್ಬಾರಿಯನ್ನು ಬೆಳಿಗ್ಗೆ ಬಸ್ಸಿನಲ್ಲಿ, ತೋಡಿಯನ್ನು ರಾತ್ರಿ ಪಾತ್ರೆ ತೊಳೆಯುವಾಗ ಕೇಳುವವನು. ಈಗ ನಡುರಾತ್ರಿಗೆ ಮಾಲ್ಕೌಂಸ್ ಸಿಕ್ಕಿತು, ಬೆಳಗಿನ ಜಾವಕ್ಕೆ ಲಲಿತ್ ಸಿಕ್ಕಿತು. ಒಂದು ಸಲ ಇಯರ್‌ಪ್ಲಗ್ ಮರೆತು ಎರಡೂ ಕಿವಿಗೆ ಹೆಡ್‌ಫೋನ್ ಹಾಕಿ ಲಲಿತ್ ಹಚ್ಚಿಬಿಟ್ಟೆ. ಶುದ್ಧ, ತೀವ್ರ ಎಂದು ಎರಡು ಮಧ್ಯಮಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಹಾಡುವುದೇ ಆ ರಾಗದ ಜೀವ. ನನಗೆ ನಾಲ್ಕು ಮಧ್ಯಮ ಕೇಳಿದವು. ನಗು ಬಂತು. ಕಾಯಿಲೆ ಬಂದಮೇಲೆ ಮೊದಲ ಸಲ ಬಂದ ನಗು ಅದು.

ಸುದ್ದಿ ಹಬ್ಬಿದ ಮೇಲೆ ನೆಂಟರಿಷ್ಟರು ಬೀಥೋವನ್‌ನನ್ನು ಕಳಿಸತೊಡಗಿದರು. ವಾಟ್ಸಾಪ್‌ನಲ್ಲಿ ಕನಿಷ್ಠ ಹತ್ತು ಬೀಥೋವನ್ ಬಂದಿರಬೇಕು, ಒಂದರಲ್ಲಿ ಸೂರ್ಯೋದಯದ ಚಿತ್ರವೂ ಇತ್ತು. ಕಿವುಡನಾದರೂ ಮಹಾಕೃತಿ ರಚಿಸಿದ, ನೀನೂ ಧೈರ್ಯಗೆಡಬೇಡ ಅನ್ನುವ ಸಾರಾಂಶ. ಸ್ವಾಮಿ, ಆತ ಬರೆಯುವವನು. ಒಳಗೇ ಕೇಳಿಸಿಕೊಂಡು ಹಾಳೆಗೆ ಇಳಿಸಬಲ್ಲ. ಕೇಳುವುದೊಂದೇ ಕಸುಬಾಗಿರುವ ನನಗೆ ಅವನಿಂದ ಏನು ಉಪಯೋಗ? ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡೋಣವೆಂದರೆ ಬಿಡುವ ಕಿವಿಯೇ ಮುಚ್ಚಿಹೋಗಿತ್ತು.

ಮಾರ್ಚಿನ ಹೊತ್ತಿಗೆ ಇನ್ನೊಂದು ವಿಚಿತ್ರ ಗಮನಕ್ಕೆ ಬಂತು. ನನಗಿಷ್ಟವಾದ ಒಂದು ಸಿತಾರ್–ಶಹನಾಯಿ ಜುಗಲ್‌ಬಂದಿ ಹಾಕಿಕೊಂಡು ಕೂತಿದ್ದೆ. ಸಿತಾರ್ ಕೇಳುತ್ತಿದೆ, ಶಹನಾಯಿ ಇಲ್ಲ. ಸಿತಾರ್ ಒಂದು ಮಾತು ಹೇಳಿ ಸುಮ್ಮನಾಗುತ್ತದೆ. ಉತ್ತರ ಬರಬೇಕಾದ ಜಾಗದಲ್ಲಿ ದೂರದಲ್ಲಿ ಸೊಳ್ಳೆ ಹಾರಿದಂತೆ ಏನೋ. ಮತ್ತೆ ಸಿತಾರ್ ತಲೆದೂಗಿ ಮುಂದುವರಿಯುತ್ತದೆ. ಫೋನಿನಲ್ಲಿ ಒಬ್ಬರೇ ಮಾತಾಡುವುದನ್ನು ಪಕ್ಕದಲ್ಲಿ ಕೂತು ಕೇಳಿದ ಹಾಗಾಯಿತು. ಸ್ಟೀರಿಯೋ ಮಾಡಿದವರು ಸಿತಾರನ್ನು ಬಲಕ್ಕೂ ಶಹನಾಯಿಯನ್ನು ಎಡಕ್ಕೂ ಕೂರಿಸಿದ್ದರು. ಮಗಳು ಫೋನು ಕಿತ್ತುಕೊಂಡು ಸೆಟ್ಟಿಂಗ್ಸ್‌ನ ಆಳದಲ್ಲಿ ಎಲ್ಲೋ ಇದ್ದ ‘ಮೊನೊ ಆಡಿಯೋ’ ಎಂಬ ಗುಂಡಿ ಒತ್ತಿ ವಾಪಸ್ ಕೊಟ್ಟಳು. ಎಡದ್ದು ಬಲದ್ದು ಎರಡನ್ನೂ ಕಲಸಿ ಎರಡೂ ಕಡೆ ಕೊಡುವ ಗುಂಡಿ. ಶಹನಾಯಿ ಮನೆಗೆ ಬಂತು. ಕಿವಿ ಸರಿ ಇರುವವರು ಆ ಗುಂಡಿಯನ್ನು ಯಾವತ್ತೂ ನೋಡಿರುವುದಿಲ್ಲ.

ಮೊನೊ ಎಂಬ ಪದ ತಲೆಯಲ್ಲಿ ಕೂತಮೇಲೆ ನನ್ನ ಹಳೆಯ ಸಂಗ್ರಹವನ್ನು ಬೇರೆಯೇ ರೀತಿ ನೋಡತೊಡಗಿದೆ. ಸ್ಟೀರಿಯೋ ಗ್ರಾಮಫೋನ್ ತಟ್ಟೆಗಳು ಅಂಗಡಿಗೆ ಬಂದದ್ದೇ 1958ರ ಸುಮಾರಿಗೆ. ಅದಕ್ಕೂ ಮೊದಲಿನದೆಲ್ಲ ಒಂದು ಕಿವಿಯ ಸಂಗೀತ. ಆಕಾಶವಾಣಿಯ ಹಳೆಯ ಧ್ವನಿಮುದ್ರಣಗಳೂ ಹಾಗೆಯೇ. ಅವುಗಳಲ್ಲಿ ನಾನು ಕಳೆದುಕೊಳ್ಳುವ ಅರ್ಧ ಎಂಬುದೇ ಇರಲಿಲ್ಲ. ಆದರೆ ಅಸಲಿ ಸಂಗತಿ ತಿಳಿದದ್ದು ಮೇ ತಿಂಗಳಿನಲ್ಲಿ, ಅದೂ ಅಕಸ್ಮಾತ್ತಾಗಿ.

ಅಷ್ಟರಲ್ಲಿ ಎಡಗಿವಿಯ ಮಂದ್ರ ಸಾಕಷ್ಟು ಮರಳಿತ್ತು. 1,000 ಹರ್ಟ್ಜ್‌ವರೆಗೆ 30–35 ಡೆಸಿಬೆಲ್ಲಿಗೆ ಏರಿತ್ತು, ಅದರಾಚೆ ಮಾತ್ರ ಘಟ್ಟ ಹಾಗೇ ಇತ್ತು. ಎಡಗಿವಿಯೊಂದಕ್ಕೇ ಹೆಡ್‌ಫೋನ್ ಹಾಕಿ ಹೊಸ ಸ್ಟುಡಿಯೋ ಧ್ವನಿಮುದ್ರಣ ಕೇಳಿದರೆ ಗೋಡೆಯಾಚೆ ಯಾರೋ ಹಾಡುತ್ತಿರುವಂತೆ. ತಬಲಾದ ‘ನಾ’ಕ್ಕೆ ಅಂಚಿಲ್ಲ, ಖಂಜಿರದ ಬಿಲ್ಲೆಗಳಿಲ್ಲ, ಸಾಹಿತ್ಯದಲ್ಲಿ ಸ, ಶ, ಚಗಳಿಲ್ಲ. ವ್ಯಂಜನಗಳು ಮೇಲಿನ ಆವರ್ತನದಲ್ಲಿ ಬದುಕುತ್ತವೆ, ಸ್ವರಾಕ್ಷರಗಳು ಕೆಳಗೆ. ಹಾಗಾಗಿ ನನ್ನ ಎಡಗಿವಿಗೆ ಎಲ್ಲರೂ ಬರೀ ‘ಆ’ಕಾರವನ್ನೇ ಹಾಡುತ್ತಿದ್ದರು. ಹೀಗೆ ಒಂದೊಂದನ್ನೇ ಹಾಕಿ ಬೇಜಾರು ಮಾಡಿಕೊಳ್ಳುತ್ತಿದ್ದಾಗ ಗೌಹರ್ ಜಾನ್‌ಳ ಒಂದು ತಟ್ಟೆ ಬಂತು. 1902ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಗಾಯನವನ್ನು ತಟ್ಟೆಗೆ ಇಳಿಸಲು ಶುರುಮಾಡಿದಾಗ ಹಾಡಿದವರಲ್ಲಿ ಆಕೆ ಪ್ರಮುಖಳು. ಮೂರು ನಿಮಿಷದಲ್ಲಿ ರಾಗ ಮುಗಿಸಿ ಕೊನೆಗೆ ‘ಮೈ ನೇಮ್ ಈಸ್ ಗೌಹರ್ ಜಾನ್’ ಎಂದು ಕೂಗಿ ಹೇಳುವವಳು. ಚರಚರ ಸದ್ದಿನ ನಡುವೆ ಆಕೆ ಹಾಡಿದಳು. ಎಡಗಿವಿಯಿಂದ ತೆಗೆದು ಬಲಗಿವಿಗೆ ಹಾಕಿದೆ. ಮತ್ತೆ ಎಡಕ್ಕೆ ಹಾಕಿದೆ. ಚರಚರ ಒಂದಿಷ್ಟು ಕಡಿಮೆ, ಉಳಿದಂತೆ ಗಾಯಕಿ ಒಬ್ಬಳೇ.

ಕಾರಣ ಸರಳ. 1925ಕ್ಕೆ ಮೊದಲು ಧ್ವನಿಮುದ್ರಣಕ್ಕೆ ಮೈಕ್ ಇರಲಿಲ್ಲ. ದೊಡ್ಡ ಕಹಳೆಯ ಬಾಯಿಗೆ ಮುಖವಿಟ್ಟು ಹಾಡಬೇಕು, ಆ ಕಂಪನವೇ ಸೂಜಿಯನ್ನು ಅಲುಗಿಸಿ ಮೇಣದ ಮೇಲೆ ಗೀರಬೇಕು. ಆ ಕಹಳೆ ಹಿಡಿಯುತ್ತಿದ್ದದ್ದು ಹೆಚ್ಚೂಕಡಿಮೆ 200ರಿಂದ 2,000 ಹರ್ಟ್ಜ್‌ನ ಆಸುಪಾಸು ಮಾತ್ರ. ಅಂದರೆ ನನ್ನ ಎಡಗಿವಿ ಕಳೆದುಕೊಂಡದ್ದನ್ನು ಆ ತಟ್ಟೆ ನೂರು ವರ್ಷದ ಹಿಂದೆಯೇ ಕಳೆದುಕೊಂಡಿತ್ತು. ಕಳೆದುಕೊಳ್ಳಲು ಇನ್ನೇನೂ ಉಳಿದಿಲ್ಲದ ಸಂಗೀತ ನನ್ನ ಕಿವಿಗೆ ಇಡಿಯಾಗಿ ಬರುತ್ತಿತ್ತು. ಹಳೆಯ ತಟ್ಟೆಗಳನ್ನು ಮೆಚ್ಚುವವರನ್ನು ನಾನು ಅಲ್ಲಿಯವರೆಗೆ ಒಳಗೊಳಗೇ ಹಾಸ್ಯ ಮಾಡುತ್ತಿದ್ದೆ. ಧೂಳಿಗೆ ಮಾರುಹೋದವರು ಎಂದು.

ಯೋಚಿಸಿದರೆ ನಮ್ಮ ತಲೆಮಾರು ಸಂಗೀತ ಕಲಿತದ್ದೇ ಹೀಗೆ. ಮೀಡಿಯಂ ವೇವ್ ರೇಡಿಯೋ ಸುಮಾರು 5,000 ಹರ್ಟ್ಜ್‌ನಿಂದ ಮೇಲಿನದನ್ನು ತರುತ್ತಲೇ ಇರಲಿಲ್ಲ. ಕೈಯಗಲದ ಟ್ರಾನ್ಸಿಸ್ಟರಿನ ಸ್ಪೀಕರಿಗೆ ಮಂದ್ರ ಷಡ್ಜ ನುಡಿಸುವ ತಾಕತ್ತೂ ಇರಲಿಲ್ಲ. ಆದರೂ ನಾವು ಮಂದ್ರ ಕೇಳಿದ್ದೇವೆ. ಉಪಸ್ವರಗಳು ಸರಿಯಾಗಿ ಬಂದರೆ ಇಲ್ಲದ ಮೂಲಸ್ವರವನ್ನು ಮಿದುಳೇ ಒದಗಿಸಿಕೊಡುತ್ತದೆ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಶುರುಮಾಡಿದ ಖಾಸಗಿ ಬಾನುಲಿಗೆ ಇಟ್ಟ ಆಕಾಶವಾಣಿ ಎಂಬ ಹೆಸರು ಆಮೇಲೆ ಇಡೀ ದೇಶದ್ದಾಯಿತಲ್ಲ, ಆ ವಾಣಿಯಲ್ಲಿ ಆಕಾಶದ ಪಾಲು ಎಷ್ಟು, ನಮ್ಮ ತಲೆಯ ಪಾಲು ಎಷ್ಟು ಎಂದು ಈಗ ಕುತೂಹಲ.

ಹಾಗೆ ಜೂನ್, ಜುಲೈ ಪೂರ್ತಿ ನಿಮಿಷಕ್ಕೆ 78 ತಿರುವಿನ ಹಳೆಯ ತಟ್ಟೆಗಳಲ್ಲಿ ಕಳೆದೆ. ಗಂಗೂಬಾಯಿ ಹಾನಗಲ್ಲರ ಮೊದಮೊದಲ ತಟ್ಟೆಗಳು ಗಾಂಧಾರಿ ಎಂಬ ಹೆಸರಿನಲ್ಲಿ ಬಂದವು. ಗಾಂಧಾರ ಹುಡುಕುತ್ತಿದ್ದವನಿಗೆ ಗಾಂಧಾರಿ ಸಿಕ್ಕರು! ಆ ದನಿ ತೆಳು, ಎತ್ತರ, ಚುರುಕು. ನಾವು ಬಲ್ಲ ಗಂಗೂಬಾಯಿಯವರದ್ದೆಂದು ಯಾರೂ ಹೇಳಲಾರರು. ಆಮೇಲೆ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಸ್ವರ ಇಳಿಯಿತು, ಆ ಇಳಿದ ಸ್ವರದಲ್ಲೇ ಮುಂದೆ ಅರ್ಧ ಶತಮಾನಕ್ಕೂ ಹೆಚ್ಚು ಹಾಡಿದರು. ನನ್ನ ಎಡಗಿವಿಗೆ ಹುಡುಗಿ ಗಾಂಧಾರಿ ಮಸುಕು, ಮುದುಕಿ ಗಂಗೂಬಾಯಿ ನಿಚ್ಚಳ. ಹಾಗೆಯೇ ಕರ್ನಾಟಕ ಸಂಗೀತದ ಗಾಯಕ ಎಂ.ಡಿ. ರಾಮನಾಥನ್. ಅಷ್ಟು ಕೆಳಗಿನ ಶ್ರುತಿ, ಅಷ್ಟು ನಿಧಾನ; ಮೊದಲೆಲ್ಲ ಹತ್ತು ನಿಮಿಷಕ್ಕೆ ಆಕಳಿಸಿ ಎದ್ದುಬಿಡುತ್ತಿದ್ದೆ. ಈಗ ಒಂದು ಕೃತಿ ಮುಗಿಯುವವರೆಗೂ ಕೂತು, ಮುಗಿದಾಗ ಇಷ್ಟು ಬೇಗವೇ ಅನ್ನಿಸುತ್ತದೆ.

ಕುಮಾರ ಗಂಧರ್ವರ ವಿಷಯದಲ್ಲಿ ನಾನು ಹಿಂದೆ ಆಡಿದ ಮಾತೊಂದನ್ನು ಹಿಂದಕ್ಕೆ ಪಡೆಯಬೇಕಿದೆ. ತುಂಡು ತುಂಡು ಹಾಡುತ್ತಾರೆ ಎಂದಿದ್ದೆ, ಒಬ್ಬ ಗೆಳೆಯನ ಜೊತೆ ಅದಕ್ಕಾಗಿ ಜಗಳವನ್ನೂ ಆಡಿದ್ದೆ. ಅವರಿಗೆ ಕ್ಷಯ ತಗಲಿ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಾಗಿ, ಮಧ್ಯಪ್ರದೇಶದ ದೇವಾಸ್‌ನಲ್ಲಿ ವರ್ಷಗಟ್ಟಲೆ ಹಾಡದೆ ಹಾಸಿಗೆ ಹಿಡಿದಿದ್ದರು. ಆ ಕಾಲದಲ್ಲಿ ಅವರು ಮಾಡಿದ ಕೆಲಸ ಕೇಳುವುದು, ಕಿಟಕಿಯಾಚೆ ಹಾದುಹೋಗುವ ಮಾಳ್ವದ ಜನಪದ ಹಾಡುಗಳನ್ನು. ಎದ್ದು ಬಂದು ಹಾಡಿದಾಗ ಉಸಿರು ಗಿಡ್ಡವಾಗಿತ್ತು, ಹಾಡಿನ ಮಾತುಗಳೂ ಗಿಡ್ಡವಾದವು. ಇದನ್ನು ಇನ್ನೊಂದು ಬೀಥೋವನ್ ಫಾರ್ವರ್ಡ್ ಮಾಡುವ ಇರಾದೆ ನನಗಿಲ್ಲ. ಹೇಳುವುದಿಷ್ಟೆ: ದಣಿದ ಕಿವಿಗೆ ಅವರು ಬಿಡುವ ಜಾಗಗಳು ಬೇಕಾಗುತ್ತವೆ. ಹಿಂದೆ ಅವನ್ನು ತುಂಡಾದ ಕಡೆ ಎಂದುಕೊಂಡಿದ್ದೆ. ಗೆಳೆಯನಿಗೆ ಫೋನ್ ಮಾಡಿ ಹೇಳಿದೆ. ‘ಇದನ್ನು ಒಪ್ಪಿಕೊಳ್ಳಲು ಕಿವಿ ಹೋಗಬೇಕಾಯಿತಾ?’ ಅಂದ.

ಸಂಗೀತ ಕಛೇರಿಗೆ ಹೋದದ್ದು ಒಂದೇ ಸಲ, ಆಗಸ್ಟ್‌ನಲ್ಲಿ. ಎಂದಿನಂತೆ ಸಭಾಂಗಣದ ಬಲಮೂಲೆ ಹಿಡಿದು ಕೂತೆ. ಕೆಟ್ಟ ಕಿವಿ ವೇದಿಕೆಗೆ, ಒಳ್ಳೆಯ ಕಿವಿ ಗೋಡೆಗೆ! ಎರಡನೆಯ ಕೃತಿಗೆ ಬುದ್ಧಿ ಬಂದು ಎಡಮೂಲೆಗೆ ಹೋದೆ. ಒಂಟಿ ಕಿವಿಗೆ ಸದ್ದಿನ ದಿಕ್ಕು ತಿಳಿಯುವುದಿಲ್ಲ. ಎಡಬಲ ಕಿವಿಗಳಿಗೆ ಸದ್ದು ಮುಟ್ಟುವುದರಲ್ಲಿ ಇರುವ ಸೆಕೆಂಡಿನ ಸಾವಿರದ ಒಂದು ಭಾಗಕ್ಕೂ ಕಡಿಮೆ ಅಂತರದಿಂದ ಮಿದುಳು ದಿಕ್ಕು ಹಿಡಿಯುತ್ತದೆ, ಗದ್ದಲದಿಂದ ಬೇಕಾದ್ದನ್ನು ಹೆಕ್ಕುತ್ತದೆ. ಅದಿಲ್ಲದೆ ಪಿಟೀಲೂ ಪಕ್ಕದವರ ಪಿಸುಮಾತೂ ಹಿಂದಿನವರ ಪ್ಲಾಸ್ಟಿಕ್ ಚೀಲವೂ ಒಂದೇ ರಾಶಿಯಾಗಿ ಬಂದು ಬಿದ್ದವು. ಮೈಕಿನವರು ಎಂದಿನ ಧಾರಾಳದಲ್ಲಿದ್ದರು. ಕಡಿಮೆ ಕೇಳುವ ಕಿವಿಗೆ ಜೋರು ಸದ್ದು ಹಿತವೆಂದು ಜನ ತಿಳಿದಿದ್ದಾರೆ. ಹಾಗಲ್ಲ. ಸಣ್ಣದು ಕೇಳುವುದೇ ಇಲ್ಲ, ದೊಡ್ಡದು ಎಲ್ಲರಿಗಿಂತ ಹೆಚ್ಚಾಗಿ ಚುಚ್ಚುತ್ತದೆ, ನಡುವಿನ ಜಾಗ ಕುಗ್ಗಿಹೋಗಿರುತ್ತದೆ. ಮೃದಂಗದವರ ಸರದಿಯಾದ ತನಿ ಆವರ್ತನದ ಮುಕ್ತಾಯದ ಚಪ್ಪಾಳೆಗೆ ಕಿವಿ ಮುಚ್ಚಿಕೊಂಡು ಎದ್ದು ಬಂದೆ. ಮೃದಂಗದವರು ಅದನ್ನು ನೋಡಿದರು, ಏನು ತಿಳಿದರೋ.

ಶ್ರವಣಯಂತ್ರದ ಪ್ರಯೋಗವೂ ಆಯಿತು. ಸ, ಶ, ಚಗಳು ಒಮ್ಮೆಗೇ ಮರಳಿದವು, ಪತ್ರಿಕೆ ಮಡಿಸಿದರೆ ಕಾಡು ಉರಿದಂತೆ ಸದ್ದು. ಮಾತಿಗೆ ಅಡ್ಡಿಯಿಲ್ಲ. ಸಂಗೀತಕ್ಕೆ ಬಂದಾಗ ನಾಟಕ ಶುರುವಾಯಿತು. ತಂಬೂರಿ ಹಚ್ಚಿದೆ, ಎರಡು ಸೆಕೆಂಡು ಸರಿಯಾಗಿತ್ತು, ಆಮೇಲೆ ಯಂತ್ರ ಅದನ್ನು ಅಲುಗಿಸಿ, ನಡುಗಿಸಿ, ಅಡಗಿಸಲು ಹೊರಟಿತು. ಶ್ರವಣಯಂತ್ರದ ಸ್ಪೀಕರಿನ ಸದ್ದು ಅದರದೇ ಮೈಕಿಗೆ ಬಿದ್ದರೆ ಸಿಳ್ಳೆ ಏಳುತ್ತದೆ. ಅದನ್ನು ತಡೆಯಲು, ಒಂದೇ ಸ್ವರ ಎಡೆಬಿಡದೆ ಬಂದರೆ ಸಿಳ್ಳೆಯೆಂದು ತಿಳಿದು ಕತ್ತರಿಸುವ ಏರ್ಪಾಡು ಒಳಗಿರುತ್ತದೆ. ತಂಬೂರಿ ಎಂದರೆ ಎಡೆಬಿಡದ ಒಂದೇ ಸ್ವರ ತಾನೆ! ಸಾವಿರಾರು ಗಂಟೆ ಎಂಜಿನಿಯರುಗಳು ಕೂತು ತಿದ್ದಿದ ಯಂತ್ರ ನಮ್ಮ ಆಧಾರಶ್ರುತಿಯನ್ನು ದೋಷವೆಂದು ಲೆಕ್ಕ ಹಾಕಿತು. ಯಂತ್ರ ಕೂರಿಸುವ ತರುಣಿ ತಾಳ್ಮೆಯಿಂದ ಸಂಗೀತಕ್ಕೆಂದೇ ಬೇರೆ ಪ್ರೋಗ್ರಾಂ ಮಾಡಿಕೊಟ್ಟರು: ಸಿಳ್ಳೆ ತಡೆ ಇಲ್ಲ, ಗದ್ದಲ ತಡೆ ಇಲ್ಲ. ಈಗ ತಂಬೂರಿ ನಿಲ್ಲುತ್ತದೆ, ಆಗೀಗ ನಿಜವಾದ ಸಿಳ್ಳೆಯೂ ಏಳುತ್ತದೆ. ತುಸು ಹೊತ್ತು ಎರಡಕ್ಕೂ ಕಿವಿಗೊಟ್ಟು ಯಾವುದು ಯಾವುದೆಂದು ತೀರ್ಮಾನಿಸುತ್ತೇನೆ.

ಫೆಬ್ರವರಿಯಿಂದ ಒಂದು ನೋಟ್‌ಬುಕ್ ಇಟ್ಟಿದ್ದೆ. ಪ್ರತಿ ತಿಂಗಳ ಮೊದಲ ಭಾನುವಾರ ಎಡಗಿವಿಯೊಂದಕ್ಕೇ ಹೆಡ್‌ಫೋನ್. ಯಾವಾಗಲೂ ಅದೇ ಮನ್ಸೂರರ ಶುದ್ಧ ನಾಟ್, ಖಾಸಗಿ ಬೈಠಕ್ಕಿನ ಹಳೆಯ ಟೇಪು. ಮನ್ಸೂರರ ಗಾಯನ ಪರಂಪರೆಯಾದ ಜೈಪುರ–ಅತ್ರೌಲಿ ಘರಾಣೆಯವರಿಗೆ ಉದ್ದನೆಯ ಪೀಠಿಕೆಯ ಅಭ್ಯಾಸವಿಲ್ಲ. ಇಪ್ಪತ್ತು ಸೆಕೆಂಡು ತಂಬೂರಿ, ಆಮೇಲೆ ಬಂದಿಶ್‌ಗೇ, ಅಂದರೆ ತಾಳಬದ್ಧ ರಚನೆಗೇ, ಇಳಿದುಬಿಡುತ್ತಾರೆ. ಅಲ್ಲಿಂದ ಒಂದು ಎಳೆ ಹಿಡಿದರೆ ಸಮಕ್ಕೆ ಬಂದೇ ಉಸಿರು ಬಿಡುವುದು. ಫೆಬ್ರವರಿ: ‘ಡಬ್ಬಿಯೊಳಗೆ ಯಾರೋ ಕೂಗಿದಂತೆ. ಮನ್ಸೂರ್ ಅಲ್ಲ.’ ಏಪ್ರಿಲ್: ‘ತಬಲಾದ ಎಡಗೈ ಬಂತು. ಬಲಗೈ ಇಲ್ಲ.’ ಜೂನ್: ‘ಮನ್ಸೂರರೇ. ಪದ ಗೊತ್ತಾಗುವುದಿಲ್ಲ, ಸಮ ಗೊತ್ತಾಗುತ್ತದೆ.’ ಸೆಪ್ಟೆಂಬರ್: ‘ಎರಡೂ ಕಿವಿಯಲ್ಲಿ ಒಟ್ಟಿಗೆ ಕೇಳಿದೆ. ಷಡ್ಜ ಒಂದೇ!’ ಈ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಅಕ್ಟೋಬರ್ ಖಾಲಿ. ಕೇಳುವುದನ್ನೇ ಮರೆತಿದ್ದೆ, ಅದು ಒಳ್ಳೆಯ ಲಕ್ಷಣವಿರಬೇಕು.

ನವೆಂಬರಿನ ಆಡಿಯೋಗ್ರಾಂನಲ್ಲಿ ಕೆಳಗಿನವು 25ರ ಹತ್ತಿರ ಬಂದಿದ್ದವು, 4,000 ಹರ್ಟ್ಜ್ 65ರಲ್ಲೇ ಇತ್ತು. ಇನ್ನು ಇದು ಹೀಗೇ ಎಂದರು ವೈದ್ಯರು. ಸಿಳ್ಳೆಯೂ ಇದೆ. ಒಂದು ದಿನ ಕೂತು ಶ್ರುತಿಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ, ಆ ಸಿಳ್ಳೆ ನನ್ನ ಷಡ್ಜಕ್ಕೆ ಸೇರುವಂತೆ ಮಾಡಿಕೊಂಡಿದ್ದೇನೆ. ಹೇಗೂ ಇರುತ್ತದೆ, ಶ್ರುತಿಯಲ್ಲಾದರೂ ಇರಲಿ.

ಡಿಸೆಂಬರಿನ ಭಾನುವಾರ ಯಂತ್ರ ತೆಗೆದಿಟ್ಟು ಎಡಗಿವಿಗೆ ಹೆಡ್‌ಫೋನ್ ಹಾಕಿದೆ. ಇಪ್ಪತ್ತು ಸೆಕೆಂಡಿನ ತಂಬೂರಿ. ಮಂದ್ರದ ತಂತಿ ಮೂರನೆಯ ಸಲ ಮಿಡಿದಾಗ ಅದರ ಬೆನ್ನಿನಿಂದ ಎದ್ದು ಬಂತು. ಗಾಂಧಾರ. ಹಿಂದಕ್ಕೆ ಸರಿಸಿ ಮತ್ತೆ ಕೇಳಿದೆ. ನಿಜವಾಗಿ ಬಂತೋ, ಇಲ್ಲದ ಸ್ವರವನ್ನು ಟ್ರಾನ್ಸಿಸ್ಟರ್ ಕಾಲದ ನನ್ನ ಮಿದುಳು ಒದಗಿಸಿಕೊಟ್ಟಿತೋ ಎಂದು ಅನುಮಾನ. ಮಗಳನ್ನು ಕರೆದು ಹೆಡ್‌ಫೋನ್ ಕೊಟ್ಟೆ. ಹತ್ತೊಂಬತ್ತರ ವಯಸ್ಸಿನ, ಒಂದು ಕೋಶವೂ ಸಾಯದ ಕಿವಿಗಳು.

‘ಗಾಂಧಾರ ಕೇಳ್ತಾ?’

‘ಎಲ್ಲಿ? ಬರೀ ತಂಬೂರಿ ಇದೆ.’

‘ಅದರಲ್ಲೇ.’

‘ಇಲ್ಲಪ್ಪ.’

ಸಣ್ಣದಾಗಿ ಗುನುಗಿ ತೋರಿಸಿದೆ. ಹುಬ್ಬು ಗಂಟಿಕ್ಕಿ ಇನ್ನೊಂದು ಸಲ ಹಾಕಿಕೊಂಡಳು, ಮತ್ತೊಂದು ಸಲ. ನಾಲ್ಕನೆಯ ಸಲಕ್ಕೆ ಹುಬ್ಬು ಮೇಲೇರಿತು. ‘ಓ, ಅದಾ! ಅದು ಮೊದಲಿಂದ ಇತ್ತಾ?’ ಅಂದಳು. ಮನ್ಸೂರರು ಬಂದಿಶ್ ಎತ್ತಿಕೊಂಡರು ಅಂತ ಕಾಣುತ್ತದೆ, ಬೆರಳು ಆಡಿಸಿ ನನ್ನನ್ನು ಸುಮ್ಮನಿರು ಎಂದು ಸನ್ನೆ ಮಾಡಿದಳು. ಹೆಡ್‌ಫೋನ್ ವಾಪಸ್ ಬರಲಿಲ್ಲ.